ಜೋಡಿಯಾಗಿ ಸೈಕಲ್‌ನಲ್ಲಿ ದೇಶ ದಾಟುವುದು ಹೇಗೆ: ಇಬ್ಬರ ವೇಗ ಹೊಂದಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಗಂಡ-ಹೆಂಡತಿ ಸೇರಿ ಸೈಕಲ್ ಮೇಲೆ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೊರಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಒಬ್ಬರಿಗೆ ಮಂಡಿ ನೋವು, ಇನ್ನೊಬ್ಬರಿಗೆ ಕಾದು ಕಾದು ಬೇಸರ. ಮಾತು ಕಡಿಮೆಯಾಗುತ್ತದೆ. ಒಂದು ದಿನ ಸೈಕಲ್‌ಗಳನ್ನು ರೈಲಿಗೆ ಹಾಕಿ ವಾಪಸ್ ಬರುತ್ತಾರೆ. ಸೈಕಲ್ ಚೆನ್ನಾಗಿಯೇ ಇತ್ತು, ಉತ್ಸಾಹಕ್ಕೂ ಕೊರತೆ ಇರಲಿಲ್ಲ. ಆದರೆ ಇಬ್ಬರ ವೇಗದಲ್ಲಿ ಎಷ್ಟು ವ್ಯತ್ಯಾಸ ಇದೆ ಅಂತ ಹೊರಡುವ ಮೊದಲು ಯಾರೂ ಅಳೆದು ನೋಡಿರುವುದಿಲ್ಲ.

ಈ ವ್ಯತ್ಯಾಸವನ್ನು ತಾಳ್ಮೆ ಒಂದರಿಂದಲೇ ನಿಭಾಯಿಸಬಹುದು ಅಂದುಕೊಳ್ಳಬೇಡಿ. ತಾಳ್ಮೆ ನಾಲ್ಕು ದಿನ ಬರುತ್ತದೆ, ಎರಡು ತಿಂಗಳು ಬರುವುದಿಲ್ಲ. ಏರಿನಲ್ಲಿ ವ್ಯತ್ಯಾಸ ಕಡಿಮೆ ಮಾಡುವುದು ಸಾಮಾನಿನ ಹಂಚಿಕೆ. ಸಮತಟ್ಟು ರಸ್ತೆಯಲ್ಲಿ ಅದನ್ನು ಕಡಿಮೆ ಮಾಡುವುದು ಮುಂದೆ ಯಾರು, ಹಿಂದೆ ಯಾರು ಅನ್ನುವ ಕ್ರಮ. ಇದರ ಜೊತೆಗೆ ಸರಿಯಾದ ಗೇರ್ ಮತ್ತು ನಿಲ್ಲುವುದಕ್ಕೆ ಒಂದಿಷ್ಟು ನಿಯಮ ಬೇಕು. ಕೆಳಗಿನ ಹಂತಗಳನ್ನು ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ. ಅಳೆಯುವ ಮೊದಲೇ ಸೈಕಲ್ ಕೊಂಡರೆ, ಚೀಲ ಕಟ್ಟಿದ ಮೇಲೆ ಗೇರ್ ಬಗ್ಗೆ ಯೋಚಿಸಿದರೆ, ದುಡ್ಡೂ ಹೋಗುತ್ತದೆ, ಕೆಲಸವೂ ಎರಡಾಗುತ್ತದೆ.

ಹಂತ 1: ಇಬ್ಬರ ಶಕ್ತಿಯನ್ನು ಬೇರೆ ಬೇರೆಯಾಗಿ ಅಳೆಯಿರಿ

ಒಂದೇ ಸಮ ಏರುವ ರಸ್ತೆ ಹುಡುಕಿ. ಮೂರರಿಂದ ಹತ್ತು ಕಿಲೋಮೀಟರ್ ಇದ್ದರೆ ಸಾಕು. ಇಬ್ಬರೂ ಸಾಮಾನು ಹೊರಿಸಿದ ಸೈಕಲ್‌ನಲ್ಲಿ, ಆದರೆ ಒಬ್ಬೊಬ್ಬರಾಗಿ ಏರಿ. ಉಸಿರು ಕಟ್ಟದೆ ಪೂರ್ತಿ ಒಂದು ವಾಕ್ಯ ಮಾತಾಡಲು ಆಗುವಂಥ ವೇಗ ಇರಲಿ. ಎಷ್ಟು ನಿಮಿಷ ಬೇಕಾಯಿತು ಅಂತ ಬರೆದುಕೊಳ್ಳಿ. ಆಮೇಲೆ ಸವಾರರು, ಸೈಕಲ್, ಸಾಮಾನು ಎಲ್ಲ ಸೇರಿ ಒಬ್ಬೊಬ್ಬರ ಒಟ್ಟು ತೂಕ ಎಷ್ಟು ಅಂತ ಬೇರೆ ಬೇರೆಯಾಗಿ ತೂಗಿ ಬರೆದಿಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಒಟ್ಟಿಗೆ ಏರುವುದು. ಜೊತೆಯಲ್ಲಿ ಹೋದಾಗ ನಿಧಾನ ಇರುವವರು ತಮ್ಮ ಮಿತಿ ಮೀರಿ ತುಳಿಯುತ್ತಾರೆ, ವೇಗ ಇರುವವರು ತಡೆದು ತುಳಿಯುತ್ತಾರೆ. ಆ ಲೆಕ್ಕ ಇಬ್ಬರದ್ದೂ ಅಲ್ಲ. ಸಾಧ್ಯವಾದರೆ ಸತತ ಎರಡು ದಿನ ಸೈಕಲ್ ತುಳಿದು, ಎರಡನೇ ದಿನದ ಸಮಯವನ್ನೇ ಲೆಕ್ಕಕ್ಕೆ ಹಿಡಿಯಿರಿ. ಮೊದಲ ದಿನದ ಹುರುಪು ಸುಳ್ಳು ಹೇಳುತ್ತದೆ. ದಣಿದ ಕಾಲುಗಳ ವೇಗವೇ ಪ್ರವಾಸದ ನಿಜವಾದ ವೇಗ. ಗಂಡನಿಗೇ ಶಕ್ತಿ ಜಾಸ್ತಿ ಅಂತ ಮೊದಲೇ ತೀರ್ಮಾನಿಸಿಬಿಡಬೇಡಿ. ದೇಹದ ತೂಕ ಕಡಿಮೆ ಇರುವವರು ಏರಿನಲ್ಲಿ ಎಷ್ಟೋ ಸಲ ಮುಂದಿರುತ್ತಾರೆ.

ಹಂತ 2: ದಿನದ ದೂರವನ್ನು ಎತ್ತರ ನೋಡಿ ತೀರ್ಮಾನಿಸಿ

ನಕ್ಷೆಯಲ್ಲಿ ಎರಡು ಊರುಗಳ ನಡುವೆ 70 ಕಿಲೋಮೀಟರ್ ಅಂತ ಕಂಡರೆ ಅದು ಅರ್ಧ ಮಾಹಿತಿ ಅಷ್ಟೇ. ಆ ದಾರಿಯಲ್ಲಿ ಒಟ್ಟು ಎಷ್ಟು ಮೀಟರ್ ಏರಬೇಕು ಅಂತ ನೋಡಿ. ಸಾಮಾನು ಹೊತ್ತ ಸಾಧಾರಣ ಸವಾರರು ಗಂಟೆಗೆ ಸುಮಾರು 300 ಮೀಟರ್ ಎತ್ತರ ಏರಬಲ್ಲರು. ಅಂದರೆ 1000 ಮೀಟರ್ ಏರಿಗೇ ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷ ಮೀಸಲಿಡಬೇಕು. ಸಮತಟ್ಟಿನಲ್ಲಿ ಗಂಟೆಗೆ 15 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಎರಡೂ ಕೂಡಿಸಿ ಬಂದ ಗಂಟೆಗಳಿಗೆ ಅದರ ಅರ್ಧದಷ್ಟನ್ನು ಮತ್ತೆ ಸೇರಿಸಿ. ಊಟ, ನೀರು, ಪಂಕ್ಚರ್, ದಾರಿ ಕೇಳುವುದು, ಎಲ್ಲ ಅದರಲ್ಲಿ ಬರುತ್ತದೆ.

ಒಟ್ಟು 3000 ಕಿಲೋಮೀಟರ್ ದಾರಿ ಅಂತಿಟ್ಟುಕೊಳ್ಳಿ. ದಿನಕ್ಕೆ 60ರಂತೆ ಆರು ದಿನ ತುಳಿದು ಏಳನೇ ದಿನ ವಿಶ್ರಾಂತಿ ತೆಗೆದುಕೊಂಡರೆ ವಾರಕ್ಕೆ 360. ಎಂಟು ವಾರದ ಮೇಲೆ ಸ್ವಲ್ಪ ಬೇಕಾಗುತ್ತದೆ. ಮಳೆ, ಜ್ವರ, ಮುರಿದ ಸಾಮಾನು ಅಂತ ಸೇರಿಸಿ ಒಂಬತ್ತರಿಂದ ಹತ್ತು ವಾರ ಇಟ್ಟುಕೊಳ್ಳಿ. ಅಷ್ಟು ರಜೆ ಇಲ್ಲದಿದ್ದರೆ ದಾರಿಯನ್ನು ಚಿಕ್ಕದು ಮಾಡಿ, ದಿನದ ದೂರ ಹೆಚ್ಚಿಸಬೇಡಿ. ಮೊದಲ ವಾರವಂತೂ ದಿನಕ್ಕೆ 40 ದಾಟಬೇಡಿ. ಕಾಲಿನ ಸ್ನಾಯು ಬೇಗ ಹೊಂದಿಕೊಳ್ಳುತ್ತದೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಮಂಡಿಯ ಸ್ನಾಯುರಜ್ಜುಗಳಿಗೆ ವಾರಗಳೇ ಬೇಕು. ಮೂರನೇ ದಿನ ಆರಾಮಾಗಿದೆ ಅಂತ ನೂರು ತುಳಿದವರಿಗೆ ಐದನೇ ದಿನ ಮಂಡಿ ಕೈಕೊಡುವುದು ಇದೇ ಕಾರಣಕ್ಕೆ.

ಯಾವ ತುದಿಯಿಂದ ಶುರು ಮಾಡಬೇಕು? ನೀವು ಹೋಗುವ ತಿಂಗಳಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ನೋಡಿ, ಅದು ಬೆನ್ನಿಗೆ ಬರುವ ಹಾಗೆ ಹೊರಡಿ. ಎದುರುಗಾಳಿ ಗಂಟೆಗೆ 15 ಕಿಲೋಮೀಟರ್ ಇದ್ದು ನೀವೂ 15ರಲ್ಲಿ ಹೋಗುತ್ತಿದ್ದರೆ, ನಿಮ್ಮ ಎದೆಗೆ ಹೊಡೆಯುವ ಗಾಳಿ 30ರದ್ದು. ಸಾಮಾನ್ಯವಾಗಿ ಬೆಳಗಿನ ಜಾವ ಗಾಳಿ ಕಡಿಮೆ, ಮಧ್ಯಾಹ್ನದ ಮೇಲೆ ಜಾಸ್ತಿ. ಹಾಗಾಗಿ ದಿನದ ಮುಕ್ಕಾಲು ದೂರ ಮಧ್ಯಾಹ್ನದೊಳಗೆ ಮುಗಿಯಲಿ.

ಹಂತ 3: ಎರಡು ಸೈಕಲ್‌ಗೂ ಒಂದೇ ಬಿಡಿಭಾಗ, ನಿಧಾನ ಇರುವವರಿಗೆ ಹಗುರ ಗೇರ್

ಮನೆಯಲ್ಲಿ ಇರುವ ಒಳ್ಳೆಯ ಸೈಕಲ್ ಬಲ ಇರುವವರಿಗೆ, ಉಳಿದದ್ದು ಇನ್ನೊಬ್ಬರಿಗೆ ಅಂತ ಹಂಚುವ ಜೋಡಿಗಳು ಬಹಳ. ಇದು ಪೂರ್ತಿ ಉಲ್ಟಾ. ಹಗುರವಾದ ಸೈಕಲ್, ಸುಲಭವಾದ ಗೇರ್ ನಿಧಾನ ಇರುವವರಿಗೆ ಸಿಗಬೇಕು.

ಗೇರ್ ನೋಡುವುದು ಹೀಗೆ. ಪೆಡಲ್ ಹತ್ತಿರ ಇರುವ ಮುಂದಿನ ಅತಿ ಚಿಕ್ಕ ಹಲ್ಲುಚಕ್ರದ ಹಲ್ಲು ಎಣಿಸಿ, ಅದನ್ನು ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿ. ಮುಂದೆ 26, ಹಿಂದೆ 36 ಇದ್ದರೆ 0.72. ಈ ಗೇರ್‌ನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು ಒಂದೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ ಐದೂವರೆ ಕಿಲೋಮೀಟರ್‌ನಲ್ಲಿ ಆರಾಮಾಗಿ ಏರಬಹುದು. ಈ ಲೆಕ್ಕ 1ಕ್ಕಿಂತ ಹೆಚ್ಚು ಬಂದರೆ ಸಾಮಾನು ಹೊತ್ತು ಉದ್ದದ ಏರು ಹತ್ತಲು ಹೊರಡಬೇಡಿ, ಮೊದಲು ಗೇರ್ ಬದಲಾಯಿಸಿ. ಮಂಡಿ ಉಳಿಸಲು ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಎರಡು ಸೈಕಲ್‌ಗೂ ಒಂದೇ ಅಳತೆಯ ಚಕ್ರ, ಒಂದೇ ಬಗೆಯ ವಾಲ್ವ್, ಒಂದೇ ಚೈನ್, ಒಂದೇ ಬ್ರೇಕ್ ಪ್ಯಾಡ್ ಇರಲಿ. ಆಗ ಬಿಡಿಭಾಗ ಒಂದು ಸೆಟ್ ಒಯ್ದರೆ ಇಬ್ಬರಿಗೂ ಆಗುತ್ತದೆ. ಟೈರಿನ ಮೇಲೆ ಬರೆದಿರುವ ಅಂಕಿ ನೋಡಿ: 622 ಅಂದರೆ 700ಸಿ ಚಕ್ರ, 559 ಅಂದರೆ ಹಳೆಯ 26 ಅಂಗುಲದ್ದು. ಇಬ್ಬರಲ್ಲಿ ಒಬ್ಬರು ಗಿಡ್ಡ ಇದ್ದರೆ ಇಬ್ಬರೂ 559 ತೆಗೆದುಕೊಳ್ಳುವುದು ಜಾಣತನ. ಚಿಕ್ಕ ಫ್ರೇಮಿಗೆ ದೊಡ್ಡ ಚಕ್ರ ಹಾಕಿದರೆ ತಿರುವಿನಲ್ಲಿ ಕಾಲ್ಬೆರಳು ಮುಂದಿನ ಚಕ್ರಕ್ಕೆ ತಗಲುತ್ತದೆ. ಟೈರ್ ಅಗಲ 40 ಮಿಲಿಮೀಟರ್ ಆಸುಪಾಸು ಇರಲಿ. ಜಾಸ್ತಿ ಸಾಮಾನು ಹೊರುವ ಸೈಕಲ್‌ನ ಹಿಂದಿನ ಚಕ್ರಕ್ಕೆ 36 ಸ್ಪೋಕ್ ಇರಬೇಕು.

ಇಬ್ಬರೂ ತುಳಿಯುವ ಟ್ಯಾಂಡೆಮ್ ಸೈಕಲ್ ತೆಗೆದುಕೊಂಡರೆ ವೇಗದ ಸಮಸ್ಯೆಯೇ ಇರುವುದಿಲ್ಲ ನಿಜ. ಆದರೆ ರೈಲು, ಬಸ್ಸಿಗೆ ಹಾಕುವುದು ಕಷ್ಟ, ಬಿಡಿಭಾಗ ಸಿಗುವುದು ಕಷ್ಟ, ಒಂದು ಚಕ್ರ ಕೆಟ್ಟರೆ ಇಬ್ಬರೂ ನಿಲ್ಲಬೇಕು. ಮೊದಲೇ ಅದರಲ್ಲಿ ರೂಢಿ ಇರುವವರಿಗೆ ಮಾತ್ರ ಸರಿ.

ಹಂತ 4: ಸೀಟಿನ ಎತ್ತರ

ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗೆ ಆಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟರೆ ಮಂಡಿ ಸ್ವಲ್ಪ ಬಾಗುತ್ತದೆ. ಅದೇ ಸರಿಯಾದ ಎತ್ತರ. ಸೀಟಿನ ಕಂಬಿಗೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿ, ಸೈಕಲ್ ಬಿಚ್ಚಿ ಸಾಗಿಸಿದಾಗ ಮತ್ತೆ ಹುಡುಕುವ ಕೆಲಸ ಇರುವುದಿಲ್ಲ. ನಿಂತಾಗ ಎರಡೂ ಪಾದ ನೆಲಕ್ಕೆ ತಾಗಲಿ ಅಂತ ಸೀಟು ಇಳಿಸುವುದು ಮಂಡಿ ನೋವಿಗೆ ನೇರ ದಾರಿ.

ಸೀಟು ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸಬೇಕಿಲ್ಲ. ಕುಳಿತಾಗ ಭಾರ ಬೀಳುವ ಮೂಳೆಗಳ ಅಂತರ ಹೆಂಗಸರಲ್ಲಿ ಸಾಮಾನ್ಯವಾಗಿ ಹೆಚ್ಚು, ಅದಕ್ಕೆ ಸೀಟೂ ಅಗಲ ಬೇಕು. ತೀರಾ ಮೆತ್ತಗಿರುವ ಸೀಟು ಅಂಗಡಿಯಲ್ಲಿ ಹಿತವಾಗಿರುತ್ತದೆ, ನಾಲ್ಕು ಗಂಟೆ ಕೂತರೆ ಒತ್ತುತ್ತದೆ. ಮೆತ್ತೆ ಇರುವ ಸೈಕಲ್ ಚಡ್ಡಿಯ ಒಳಗೆ ಒಳಉಡುಪು ಹಾಕಬೇಡಿ. ಅದರ ಹೊಲಿಗೆಯೇ ಚರ್ಮ ಉಜ್ಜುತ್ತದೆ. ತಲಾ ಎರಡು ಚಡ್ಡಿ ಇರಲಿ, ಒಂದು ಮೈಮೇಲೆ, ಒಂದು ಒಗೆದು ಒಣಗಲು.

ಹಂತ 5: ಸಾಮಾನನ್ನು ಸಮವಾಗಿ ಹಂಚಬೇಡಿ

ಅರ್ಧ ನಿನಗೆ, ಅರ್ಧ ನನಗೆ ಅನ್ನುವುದು ನ್ಯಾಯವಾಗಿ ಕಾಣುತ್ತದೆ. ಏರಿನಲ್ಲಿ ಅದು ಅನ್ಯಾಯ. ಹಂತ 1ರಲ್ಲಿ ಬರೆದುಕೊಂಡ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ.

ಒಂದು ಉದಾಹರಣೆ ನೋಡೋಣ. ಬಲ ಇರುವವರ ದೇಹ 75 ಕಿಲೋ, ಸೈಕಲ್ 16 ಕಿಲೋ. ಇನ್ನೊಬ್ಬರ ದೇಹ 55, ಸೈಕಲ್ 15. ಒಟ್ಟು ಸಾಮಾನು 30 ಕಿಲೋ. ತಲಾ 15 ಹೊತ್ತಾಗ ಒಬ್ಬರ ಒಟ್ಟು ತೂಕ 106, ಇನ್ನೊಬ್ಬರದು 85. ಹತ್ತು ಕಿಲೋಮೀಟರ್ ಏರನ್ನು ಮೊದಲನೆಯವರು 84 ನಿಮಿಷದಲ್ಲಿ, ಎರಡನೆಯವರು 101 ನಿಮಿಷದಲ್ಲಿ ಹತ್ತಿದರು ಅಂತಿಟ್ಟುಕೊಳ್ಳಿ. ಮೇಲೆ 17 ನಿಮಿಷ ಕಾಯಬೇಕು.

ಈಗ ತೂಕವನ್ನು ನಿಮಿಷಗಳಿಂದ ಭಾಗಿಸಿ. 106 ಭಾಗಿಸು 84 ಅಂದರೆ 1.26. 85 ಭಾಗಿಸು 101 ಅಂದರೆ 0.84. ಇದು ಇಬ್ಬರ ಏರುವ ಶಕ್ತಿ. ಎರಡೂ ಕೂಡಿಸಿದರೆ 2.10. ಇಬ್ಬರ ಒಟ್ಟು ತೂಕ 191 ಕಿಲೋವನ್ನು 2.10ರಿಂದ ಭಾಗಿಸಿದರೆ 91. ಇಬ್ಬರೂ ಒಟ್ಟಿಗೆ ಮೇಲೆ ತಲುಪಬಹುದಾದ ಸಮಯ ಅದೇ, 91 ನಿಮಿಷ. ಹಾಗೆ ಆಗಬೇಕಾದರೆ ಮೊದಲನೆಯವರ ಒಟ್ಟು ತೂಕ 1.26 ಗುಣಿಸು 91, ಅಂದರೆ ಸುಮಾರು 114.5 ಕಿಲೋ ಇರಬೇಕು. ದೇಹ, ಸೈಕಲ್ ಸೇರಿ 91 ಕಿಲೋ ಆಗಲೇ ಇದೆ. ಸಾಮಾನು 23.5 ಕಿಲೋ ಅವರ ಪಾಲು, ಉಳಿದ 6.5 ಇನ್ನೊಬ್ಬರದು.

ಫಲ ನೋಡಿ: ಒಬ್ಬರು ಏಳು ನಿಮಿಷ ಬಿಟ್ಟುಕೊಟ್ಟರು, ಇನ್ನೊಬ್ಬರು ಹತ್ತು ನಿಮಿಷ ಗಳಿಸಿದರು, ಕಾಯುವುದು ತಪ್ಪಿತು. ಯಾರೂ ಮಿತಿ ಮೀರಿ ತುಳಿಯಲಿಲ್ಲ. ಲೆಕ್ಕ ಇಷ್ಟು ಕರಾರುವಾಕ್ಕಾಗಿ ರಸ್ತೆಯಲ್ಲಿ ಇಳಿಯದಿದ್ದರೂ ಎರಡು-ಮೂರು ನಿಮಿಷದ ಆಚೀಚೆಗೆ ಬಂದರೆ ಸಾಕಲ್ವಾ?

ಒಂದು ಎಚ್ಚರಿಕೆ. ತೂಕ ಎಲ್ಲ ಒಬ್ಬರ ಮೇಲೆ ಹಾಕುವ ಭರದಲ್ಲಿ ಇನ್ನೊಬ್ಬರನ್ನು ಬರಿಗೈ ಮಾಡಬೇಡಿ. ತಮ್ಮ ನೀರು, ಒಂದು ಹೊತ್ತಿನ ತಿಂಡಿ, ಮಳೆ ಅಂಗಿ, ಒಂದು ಟ್ಯೂಬ್, ಪಂಪ್, ಟೈರ್ ಬಿಚ್ಚುವ ಲಿವರ್, ಫೋನ್, ದುಡ್ಡು, ಗುರುತಿನ ಚೀಟಿ ಇಬ್ಬರ ಬಳಿಯೂ ಬೇರೆ ಬೇರೆ ಇರಲೇಬೇಕು. ಆ 6.5 ಕಿಲೋದ ಪಾಲಿನಲ್ಲಿ ಮೊದಲು ಹೋಗಬೇಕಾದ್ದು ಇವು. ಟೆಂಟು, ಒಲೆ, ದೊಡ್ಡ ಉಪಕರಣ, ಬೀಗ ಬಲ ಇರುವವರ ಪಾಲು.

ಕಟ್ಟುವ ರೀತಿ: ಭಾರದ್ದು ಕೆಳಗೆ, ಹಗುರದ್ದು ಮೇಲೆ. ಎಡ-ಬಲ ಚೀಲಗಳ ತೂಕ ಸರಿಸಮ ಇರಲಿ. ಎಲ್ಲವನ್ನೂ ಹಿಂದಿನ ಕ್ಯಾರಿಯರ್ ಮೇಲೆ ಹೇರಿದರೆ ಏರಿನಲ್ಲಿ ಮುಂದಿನ ಚಕ್ರ ಅಲೆಯುತ್ತದೆ, ಹಿಂದಿನ ಸ್ಪೋಕ್ ಮುರಿಯುತ್ತದೆ. ನಾಲ್ಕು ಚೀಲ ಇದ್ದರೆ ಹಿಂದೆ 60, ಮುಂದೆ 40ರ ಪ್ರಮಾಣದಲ್ಲಿ ಹಂಚಿ. ಕ್ಯಾರಿಯರ್ ಮೇಲೆ ಎಷ್ಟು ಕಿಲೋ ಹೊರಬಹುದು ಅಂತ ಬರೆದಿರುತ್ತದೆ, ಅದನ್ನು ದಾಟಬೇಡಿ. ತುಳಿಯುವಾಗ ಹಿಮ್ಮಡಿ ಚೀಲಕ್ಕೆ ಬಡಿಯುತ್ತಿದ್ದರೆ ಚೀಲವನ್ನು ಹಿಂದಕ್ಕೆ ಸರಿಸಿ.

ಲೆಕ್ಕ ಮಾಡಿದಾಗ ನಿಧಾನ ಇರುವವರ ಪಾಲು ಮೂರು ಕಿಲೋಗಿಂತ ಕೆಳಗೆ ಬಂದರೆ ಸಾಮಾನೇ ಜಾಸ್ತಿಯಾಗಿದೆ ಅಥವಾ ವ್ಯತ್ಯಾಸ ಬಹಳ ಇದೆ ಅಂತ ಅರ್ಥ. ಇಬ್ಬರೂ ಸೇರಿ ಇನ್ನೆರಡು ತಿಂಗಳು ಅಭ್ಯಾಸ ಮಾಡಿ, ವಾರಕ್ಕೆ ಹತ್ತರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ದೂರ ಏರಿಸದೆ.

ಹಂತ 6: ಉಪಕರಣ ಜೋಡಿಸಿ, ಬಳಸಲು ಇಬ್ಬರೂ ಕಲಿಯಿರಿ

ಬೇಕಾದ್ದು: 2.5ರಿಂದ 8 ಮಿಲಿಮೀಟರ್‌ವರೆಗಿನ ಅಲೆನ್ ಕೀ (ಆರು ಮೂಲೆಯ ಬೋಲ್ಟ್ ಕೀ), ಚೈನ್ ಬಿಚ್ಚುವ ಸಾಧನ, ಎರಡು ಚೈನ್ ಜೋಡುಕೊಂಡಿ, ಸ್ಪೋಕ್ ಬಿಗಿ-ಸಡಿಲ ಮಾಡುವ ಕೀ, ನಾಲ್ಕೈದು ಸ್ಪೋಕ್, ಪಂಕ್ಚರ್ ಸಾಮಾನು, ಹೊರಟೈರ್ ಹರಿದರೆ ಒಳಗಿಂದ ಹಾಕಲು ಹಳೆಯ ಟೈರಿನ ತುಂಡು, ಬ್ರೇಕ್ ಪ್ಯಾಡ್, ಗೇರ್ ಮತ್ತು ಬ್ರೇಕ್ ತಂತಿ ಒಂದೊಂದು, ಕ್ಯಾರಿಯರ್ ಬೋಲ್ಟ್‌ಗಳು, ಪ್ಲಾಸ್ಟಿಕ್ ಕಟ್ಟುಪಟ್ಟಿ, ಟೇಪ್, ಚೈನ್ ಎಣ್ಣೆ, ಚಿಂದಿ ಬಟ್ಟೆ. ಹಿಂದಿನ ಗೇರ್ ಹಿಡಿದಿರುವ ಹ್ಯಾಂಗರ್ ಪ್ರತಿ ಸೈಕಲ್ ಮಾದರಿಗೂ ಬೇರೆ. ಅದನ್ನು ಮನೆಯಿಂದಲೇ ತೆಗೆದುಕೊಂಡು ಹೋಗಿ, ದಾರಿಯಲ್ಲಿ ಸಿಗುವುದಿಲ್ಲ.

ಸ್ಪೋಕ್ ಉದ್ದ ಹಿಂದಿನ ಚಕ್ರದ ಎರಡು ಬದಿಗೂ ಬೇರೆ ಇರುತ್ತದೆ, ಅಳೆದು ತೆಗೆದುಕೊಳ್ಳಿ. ಜಾಸ್ತಿ ಮುರಿಯುವುದು ಗೇರ್ ಇರುವ ಬದಿಯದ್ದೇ. ಅದನ್ನು ಹಾಕಲು ಹಿಂದಿನ ಹಲ್ಲುಚಕ್ರ ಬಿಚ್ಚಬೇಕು, ಅದರ ಸಾಧನವೂ ಜೊತೆಯಲ್ಲಿರಲಿ. ಹಾಕಲು ಆಗದಿದ್ದರೆ ಮುರಿದ ಸ್ಪೋಕನ್ನು ಪಕ್ಕದ್ದಕ್ಕೆ ಸುತ್ತಿ ಕಟ್ಟಿ, ಎರಡು ಪಕ್ಕದ ಸ್ಪೋಕ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಚಕ್ರ ಬ್ರೇಕಿಗೆ ಉಜ್ಜದ ಹಾಗೆ ಮಾಡಿಕೊಂಡು ನಿಧಾನವಾಗಿ ಮುಂದಿನ ಊರು ಸೇರಿ.

ರಿಪೇರಿ ಒಬ್ಬರಿಗೆ ಮಾತ್ರ ಗೊತ್ತಿರುವುದು ದೊಡ್ಡ ತಪ್ಪು. ಅವರಿಗೆ ಜ್ವರ ಬಂದರೆ? ಕೈಗೆ ಪೆಟ್ಟಾದರೆ? ಹಿಂದಿನ ಚಕ್ರ ಬಿಚ್ಚಿ, ಟ್ಯೂಬ್ ಬದಲಿಸಿ, ಮತ್ತೆ ಹಾಕುವುದನ್ನು ಇಬ್ಬರೂ ಇನ್ನೊಬ್ಬರ ಸಹಾಯ ಇಲ್ಲದೆ ಮಾಡಿ ತೋರಿಸಬೇಕು. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಬೆರಳಲ್ಲಿ ಮೆಲ್ಲಗೆ ಸವರಿ ನೋಡಿ. ಮುಳ್ಳು ಅಲ್ಲೇ ಉಳಿದಿದ್ದರೆ ಹತ್ತು ನಿಮಿಷದಲ್ಲಿ ಮತ್ತೆ ಪಂಕ್ಚರ್.

ಹಂತ 7: ಎರಡು ರಾತ್ರಿಯ ಪರೀಕ್ಷೆ

ಹೊರಡುವ ಒಂದು ತಿಂಗಳ ಮೊದಲು ಪೂರ್ತಿ ಸಾಮಾನು ಹೊತ್ತು ಎರಡು ರಾತ್ರಿ, ಮೂರು ಹಗಲು ಹೋಗಿ ಬನ್ನಿ. ಒಂದು ದಿನ ಏರು ಇರಬೇಕು. ಬಂದ ಮೇಲೆ ಚೀಲ ಬಿಚ್ಚಿ, ಮುಟ್ಟದೇ ಇದ್ದ ಸಾಮಾನನ್ನು ಒಂದು ಕಡೆ ಇಡಿ. ಔಷಧಿ, ಉಪಕರಣ, ಮಳೆ ಅಂಗಿ ಬಿಟ್ಟು ಉಳಿದದ್ದೆಲ್ಲ ಮನೆಯಲ್ಲೇ ಇರಲಿ. "ಬೇಕಾಗಬಹುದು" ಅನ್ನುವ ಮಾತಿಗೆ ಸೋಲಬೇಡಿ.

ಹಂತ 8: ಮುಂದೆ ಯಾರು, ಹಿಂದೆ ಯಾರು

ಸಮತಟ್ಟಿನಲ್ಲಿ ತೂಕದ ಲೆಕ್ಕ ಹೆಚ್ಚು ನಡೆಯುವುದಿಲ್ಲ. ಅಲ್ಲಿ ತಡೆಯುವುದು ಗಾಳಿ. ಬಲ ಇರುವವರು ಮುಂದೆ ಇದ್ದು ಗಾಳಿ ಸೀಳಲಿ, ಇನ್ನೊಬ್ಬರು ಅವರ ಹಿಂದೆ ಮರೆಯಲ್ಲಿ ಬರಲಿ. ಎದುರುಗಾಳಿ ಇದ್ದ ದಿನ ಇದರಿಂದ ಆಗುವ ಉಪಕಾರ ಅಷ್ಟಿಷ್ಟಲ್ಲ. ಮೊದಮೊದಲು ಎರಡು ಸೈಕಲ್ ಉದ್ದದ ಅಂತರ ಇಟ್ಟುಕೊಳ್ಳಿ, ರೂಢಿಯಾದ ಮೇಲೆ ಒಂದು ಮೀಟರ್‌ಗೆ ತನ್ನಿ. ಹಿಂದಿನವರ ಮುಂಚಕ್ರ ಮುಂದಿನವರ ಹಿಂಚಕ್ರದ ಪಕ್ಕಕ್ಕೆ ಯಾವತ್ತೂ ನುಗ್ಗಬಾರದು. ಎರಡೂ ತಾಗಿದರೆ ಬೀಳುವುದು ಹಿಂದಿನವರೇ. ಮುಂದಿನವರು ಹಠಾತ್ ಬ್ರೇಕ್ ಹಿಡಿಯಬಾರದು, ಗುಂಡಿ, ಗಾಜು, ನಾಯಿ ಕಂಡರೆ ಕೂಗಿ ಹೇಳಬೇಕು, ಬರೀ ಕೈಸನ್ನೆ ಸಾಲದು.

ಏರು ಬಂದ ತಕ್ಷಣ ಕ್ರಮ ಬದಲಾಗಬೇಕು. ನಿಧಾನ ಇರುವವರು ಮುಂದೆ. ಅಲ್ಲಿ ಗಾಳಿಯ ಮರೆಯಿಂದ ಹೆಚ್ಚು ಲಾಭ ಇಲ್ಲ, ವೇಗ ನಿರ್ಧರಿಸಬೇಕಾದವರು ಅವರು. ಬಲ ಇರುವವರು ಮುಂದೆ ಹೋದರೆ ಎಷ್ಟೇ ನಿಧಾನ ಹೋಗುತ್ತೇನೆ ಅಂದರೂ ಅಂತರ ಬೆಳೆಯುತ್ತದೆ, ಹಿಂದಿನವರು ಮುಂದಿನವರ ಬೆನ್ನು ನೋಡಿಕೊಂಡು ಮಿತಿ ಮೀರಿ ತುಳಿಯುತ್ತಾರೆ.

ದೊಡ್ಡ ಲಾರಿಗಳು ಓಡಾಡುವ ರಸ್ತೆಯಲ್ಲಿ ಅಕ್ಕಪಕ್ಕ ಹೋಗಬೇಡಿ. ಲಾರಿ ದಾಟುವಾಗ ಮೊದಲು ಗಾಳಿ ಹೊರಕ್ಕೆ ತಳ್ಳುತ್ತದೆ, ಆಮೇಲೆ ಒಳಕ್ಕೆ ಎಳೆಯುತ್ತದೆ. ಹ್ಯಾಂಡಲ್ ಗಟ್ಟಿಯಾಗಿ, ಆದರೆ ಮೊಣಕೈ ಸಡಿಲ ಬಿಟ್ಟು ಹಿಡಿಯಿರಿ. ಇಬ್ಬರಿಗೂ ಕನ್ನಡಿ ಇರಲಿ.

ಹಂತ 9: ನಿಲ್ಲುವ ನಿಯಮಗಳನ್ನು ಮೊದಲೇ ಒಪ್ಪಿಕೊಳ್ಳಿ

ಈ ದೃಶ್ಯ ಪ್ರತಿ ಏರಿನ ತುದಿಯಲ್ಲೂ ನಡೆಯುತ್ತದೆ. ಮುಂದಿದ್ದವರು ಮೇಲೆ ಬಂದು ಕೂತು, ನೀರು ಕುಡಿದು, ಸುಧಾರಿಸಿಕೊಳ್ಳುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂದ ಕೂಡಲೇ "ಬಂದ್ಯಾ, ಸರಿ, ಹೊರಡೋಣ" ಅಂತ ಎದ್ದು ನಿಲ್ಲುತ್ತಾರೆ. ಅಂದರೆ ವಿಶ್ರಾಂತಿ ಬೇಕಿಲ್ಲದವರಿಗೆ ವಿಶ್ರಾಂತಿ ಸಿಕ್ಕಿತು, ಬೇಕಿದ್ದವರಿಗೆ ಸಿಗಲಿಲ್ಲ. ದಿನಕ್ಕೆ ಐದಾರು ಸಲ ಹೀಗಾದರೆ ಸಂಜೆಗೆ ಜಗಳ ಗ್ಯಾರಂಟಿ. ನಿಯಮ ಹೀಗಿರಲಿ: ಎರಡನೆಯವರು ಬಂದು ಕಾಲು ನೆಲಕ್ಕೆ ಊರಿದ ಮೇಲೆ ವಿಶ್ರಾಂತಿಯ ಗಡಿಯಾರ ಶುರು. ಮತ್ತೆ ಹೊರಡೋಣ ಅನ್ನುವ ಮಾತು ಅವರಿಂದಲೇ ಬರಬೇಕು.

ಎರಡನೆಯದು: ತಿರುವು, ಕವಲು ದಾರಿ ಬಂದಾಗ ಹಿಂದಿನವರು ಕಣ್ಣಿಗೆ ಕಾಣುವವರೆಗೆ ಮುಂದಿನವರು ತಿರುಗಬಾರದು. ಫೋನ್ ಇದೆಯಲ್ಲ ಅಂತ ನಂಬಬೇಡಿ, ಸಿಗ್ನಲ್ ಇಲ್ಲದ ಜಾಗದಲ್ಲೇ ಜನ ತಪ್ಪಿಸಿಕೊಳ್ಳುವುದು. ತಪ್ಪಿಸಿಕೊಂಡರೆ ಕೊನೆಯ ಸಲ ಒಟ್ಟಿಗೆ ನಿಂತ ಜಾಗಕ್ಕೆ ಇಬ್ಬರೂ ವಾಪಸ್ ಹೋಗುವುದು ಅಂತ ಪ್ರತಿ ಬೆಳಗ್ಗೆ ಒಪ್ಪಿಕೊಂಡು ಹೊರಡಿ.

ಮೂರನೆಯದು: ಇಬ್ಬರಲ್ಲಿ ಯಾರೇ "ಇವತ್ತಿಗೆ ಸಾಕು" ಅಂದರೂ ಸಾಕು. ಕಾರಣ ಕೇಳುವಂತಿಲ್ಲ. ಕಾರಣ ಕೊಡಬೇಕು ಅಂತಾದರೆ ನಿಧಾನ ಇರುವವರು ಹೇಳುವುದನ್ನೇ ಬಿಟ್ಟು ನೋವು ಮುಚ್ಚಿಡುತ್ತಾರೆ.

ಹಂತ 10: ಇಳಿಜಾರು

ಭಾರ ಹೊತ್ತ ಸೈಕಲ್ ಇಳಿಜಾರಿನಲ್ಲಿ ತಾನಾಗಿಯೇ ಜೋರಾಗಿ ಓಡುತ್ತದೆ. ಹಾಗಾಗಿ ಆ ಸೈಕಲ್‌ನವರು ಮುಂದೆ ಹೋಗಲಿ, ಹಿಂದೆ ಕನಿಷ್ಠ 30 ಮೀಟರ್ ಅಂತರ ಬಿಟ್ಟು ಇನ್ನೊಬ್ಬರು. ಇಲ್ಲಿ ಒಬ್ಬರನ್ನೊಬ್ಬರು ದಾಟುವುದು ಬೇಡವೇ ಬೇಡ.

ಬ್ರೇಕನ್ನು ಉದ್ದಕ್ಕೂ ಹಿಡಿದೇ ಇಳಿಯಬೇಡಿ. ತಿರುವಿಗೆ ಮೊದಲು ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಟ್ಟು, ತಿರುಗಿ. ಬಿಟ್ಟಾಗ ಗಾಳಿಗೆ ಬ್ರೇಕ್ ತಣಿಯುತ್ತದೆ. ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್ ಇದ್ದರೆ ಕಾದ ರಿಮ್‌ನಿಂದ ಟ್ಯೂಬೇ ಸಿಡಿಯಬಹುದು. ಸುಟ್ಟ ವಾಸನೆ ಬಂದರೆ, ಲಿವರ್ ಹ್ಯಾಂಡಲ್ ಹತ್ತಿರಕ್ಕೆ ಬರುತ್ತಿದ್ದರೆ, ತಕ್ಷಣ ನಿಲ್ಲಿ. ಹತ್ತು-ಹದಿನೈದು ನಿಮಿಷ ಆರಲು ಬಿಡಿ. ಡಿಸ್ಕ್ ಬ್ರೇಕ್ ಇದ್ದರೆ ಅದರ ತಟ್ಟೆ ಮುಟ್ಟಿ ನೋಡಬೇಡಿ, ಬೆರಳು ಸುಡುತ್ತದೆ.

ಹಂತ 11: ನೀರು ಮತ್ತು ಊಟ

ಬಾಯಾರುವ ಮೊದಲು ಸ್ವಲ್ಪ ಸ್ವಲ್ಪ ಕುಡಿಯಿರಿ. ಗಂಟೆಗೆ ಅರ್ಧ ಲೀಟರ್, ಬಿಸಿಲು ಜೋರಿದ್ದರೆ ಒಂದು ಲೀಟರ್‌ವರೆಗೆ. ಬರೀ ನೀರು ಸಾಲದು, ಬೆವರಲ್ಲಿ ಉಪ್ಪೂ ಹೋಗುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿದರೆ ಭೇದಿಯಾದಾಗ ಕುಡಿಯುವ ದ್ರಾವಣ ಸಿದ್ಧ, ಬಿಸಿಲಿನ ದಿನಕ್ಕೂ ಆಗುತ್ತದೆ. ಶೌಚಾಲಯ ಸಿಗುವುದಿಲ್ಲ ಅಂತ ನೀರು ಕಡಿಮೆ ಕುಡಿಯುವುದು ಹೆಂಗಸರು ಜಾಸ್ತಿ ಮಾಡುವ ತಪ್ಪು. ಉರಿಮೂತ್ರ, ಸೋಂಕು ಶುರುವಾಗುವುದು ಹೀಗೆಯೇ. ಮೂತ್ರ ಗಾಢ ಹಳದಿ ಇದ್ದರೆ ನೀರು ಸಾಲುತ್ತಿಲ್ಲ.

ಗಂಟೆಗೊಮ್ಮೆ ಏನಾದರೂ ತಿನ್ನಿ. ಹಸಿವಾಗುವವರೆಗೆ ಕಾದರೆ ಕೈ ನಡುಗುವುದು, ಸಿಟ್ಟು ಬರುವುದು ಮೊದಲು ಆಗುತ್ತದೆ. ಜಗಳ ಶುರುವಾಗುತ್ತಿದೆ ಅನಿಸಿದರೆ ಮೊದಲು ಇಬ್ಬರೂ ತಿಂದು, ಆಮೇಲೆ ಮಾತಾಡಿ.

ಹಂತ 12: ಪ್ರತಿ ಸಂಜೆ ಹತ್ತು ನಿಮಿಷ

ಕತ್ತಲಾಗುವ ಮುಂಚೆ ಮಾಡಿ. ಟೈರಿಗೆ ಹೊಕ್ಕ ಗಾಜು, ಮುಳ್ಳು ಕಿತ್ತು ಹಾಕಿ. ಕ್ಯಾರಿಯರ್‌ನ ಪ್ರತಿ ಬೋಲ್ಟನ್ನೂ ಅಲೆನ್ ಕೀ ಹಾಕಿ ನೋಡಿ, ಅಲುಗಾಟಕ್ಕೆ ಸಡಿಲವಾಗುವುದು ಇವೇ. ಸ್ಪೋಕ್‌ಗಳನ್ನು ಎರಡೆರಡಾಗಿ ಬೆರಳಲ್ಲಿ ಹಿಸುಕುತ್ತ ಚಕ್ರ ತಿರುಗಿಸಿ. ಎಲ್ಲವೂ ಬಿಗಿಯಾಗಿದ್ದು ಒಂದು ಮಾತ್ರ ಮೆತ್ತಗೆ ಬಾಗಿದರೆ ಅದು ಸಡಿಲವಾಗಿದೆ ಅಥವಾ ಮುರಿಯುವುದರಲ್ಲಿದೆ. ಚೈನ್ ಒರೆಸಿ, ಎಣ್ಣೆ ಬಿಟ್ಟು, ಮೇಲಿನ ಎಣ್ಣೆ ಮತ್ತೆ ಒರೆಸಿ.

ವಾರಕ್ಕೊಮ್ಮೆ ಚೈನ್ ಅಳೆಯಿರಿ. ಹೊಸ ಚೈನಿನ ಹನ್ನೆರಡು ಜೋಡಿ ಕೊಂಡಿ ಸರಿಯಾಗಿ 12 ಅಂಗುಲ ಇರುತ್ತದೆ. ಒಂದೂವರೆ ಮಿಲಿಮೀಟರ್ ಜಾಸ್ತಿ ಆಗಿದ್ದರೆ ಚೈನ್ ಬದಲಿಸಿ. ಮೂರು ಮಿಲಿಮೀಟರ್ ಆಗುವವರೆಗೆ ಬಿಟ್ಟರೆ ಹಿಂದಿನ ಹಲ್ಲುಚಕ್ರವೂ ಸವೆದಿರುತ್ತದೆ.

ಹಂತ 13: ಎಚ್ಚರಿಕೆಯ ಗುರುತುಗಳು

ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಿದೆ ಅಥವಾ ಭಾರದ ಗೇರ್‌ನಲ್ಲಿ ತುಳಿಯುತ್ತಿದ್ದೀರಿ. ಹಿಂಭಾಗ ನೋಯುತ್ತಿದ್ದರೆ ಸೀಟು ಎತ್ತರ. ಒಂದು ಸಲಕ್ಕೆ ಐದು ಮಿಲಿಮೀಟರ್‌ಗಿಂತ ಜಾಸ್ತಿ ಬದಲಿಸಬೇಡಿ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದು ಮರುದಿನ ಬೆಳಗ್ಗೆಯೂ ಬಿಡದಿದ್ದರೆ ಹ್ಯಾಂಡಲ್ ಎತ್ತರಿಸಿ, ಕೈ ಇಡುವ ಜಾಗ ಬದಲಿಸುತ್ತಿರಿ. ಕೂರುವ ಜಾಗದಲ್ಲಿ ಕೆಂಪಾದರೆ ಒಂದು ದಿನ ಬಿಡುವು. ಕುರು ಎದ್ದು ಜ್ವರ ಬಂದರೆ ವೈದ್ಯರ ಹತ್ತಿರ ಹೋಗಿ.

ಬಿಸಿಲಿನಲ್ಲಿ ಒಬ್ಬರು ಏನೇನೋ ಮಾತಾಡಿದರೆ, ತಡವರಿಸಿದರೆ, ಮೈ ಸುಡುತ್ತಿದ್ದರೆ ಅದು ಶಾಖಾಘಾತ. ಬೆವರುತ್ತಿದ್ದಾರಲ್ಲ ಅಂತ ಸುಮ್ಮನಿರಬೇಡಿ. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, ಆಂಬುಲೆನ್ಸ್ ಕರೆಸಿ. ಪ್ರಜ್ಞೆ ಸರಿಯಿಲ್ಲದವರಿಗೆ ಏನೂ ಕುಡಿಸಬೇಡಿ. ನೀರು ಬಹಳ ಕುಡಿದೂ ತಲೆನೋವು, ವಾಕರಿಕೆ, ಬೆರಳು ಊದಿಕೊಳ್ಳುವುದು ಕಂಡರೆ ಉಪ್ಪಿನಂಶ ಇಳಿದಿರಬಹುದು. ಬರೀ ನೀರು ನಿಲ್ಲಿಸಿ, ಉಪ್ಪಿನದ್ದು ಏನಾದರೂ ತಿಂದು ವೈದ್ಯರನ್ನು ಕಾಣಿ.

ಕಣ್ಣಿಗೆ ಬೇಗ ಬೀಳದ ಗುರುತುಗಳೂ ಇವೆ. ದಿನವೂ ಮಾತಾಡುವವರು ಮಧ್ಯಾಹ್ನದಿಂದ ಸುಮ್ನಾಗಿದ್ದಾರೆ. ತಿಂಡಿ ಬೇಡ ಅನ್ನುತ್ತಾರೆ. ಸೈಕಲ್ ನೇರ ಹೋಗದೆ ಸ್ವಲ್ಪ ಓಲಾಡುತ್ತಿದೆ. ಬೆಳಗ್ಗೆ ಎದ್ದಾಗ ನಾಡಿ ಬಡಿತ ಎರಡು ಮೂರು ದಿನದಿಂದ ಎಂದಿಗಿಂತ ಜಾಸ್ತಿ ಇದೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಹತ್ತಿರದ ಊರಲ್ಲಿ ನಿಂತು, ಮಾರನೇ ದಿನವೂ ಅಲ್ಲೇ ಇರಿ.

ಅಷ್ಟಾಗಿಯೂ ಒಬ್ಬರಿಗೆ ಪ್ರವಾಸವೇ ಬೇಡ ಅನಿಸಬಹುದು. ಆ ತೀರ್ಮಾನ ಏರಿನ ಮಧ್ಯದಲ್ಲಿ, ಮಳೆಯಲ್ಲಿ, ಹಸಿದ ಹೊಟ್ಟೆಯಲ್ಲಿ ಬೇಡ. ಒಂದು ಪೂರ್ತಿ ದಿನ ವಿಶ್ರಾಂತಿ ತೆಗೆದುಕೊಂಡು, ಎರಡು ರಾತ್ರಿ ಚೆನ್ನಾಗಿ ಮಲಗಿದ ಮೇಲೆ ಮತ್ತೆ ಕೇಳಿಕೊಳ್ಳಿ. ಆಗಲೂ ಬೇಡ ಅನಿಸಿದರೆ ಕಷ್ಟದ ಆ ಭಾಗವನ್ನು ರೈಲಿನಲ್ಲಿ ದಾಟಿ, ಮುಂದಿನ ಸಮತಟ್ಟು ಊರಿನಿಂದ 40 ಕಿಲೋಮೀಟರ್‌ನ ದಿನಗಳೊಂದಿಗೆ ಮತ್ತೆ ಶುರು ಮಾಡಿ. ಅದಕ್ಕೆ ಬೇಕಾದ ದುಡ್ಡು ಮತ್ತು ಸೈಕಲ್ ಕಟ್ಟುವ ದೊಡ್ಡ ಚೀಲ ಎರಡನ್ನೂ ಮೊದಲ ದಿನದಿಂದಲೇ ಬೇರೆ ಇಟ್ಟಿರಿ.